ಮೂರನೇ ಕೌಂಟರಿನ ಪ್ರವಾಸ ಪ್ರಕರಣ

ನಗರಸಭೆಯ ಜನನ-ಮರಣ ವಿಭಾಗದ ಮೂರನೇ ಕೌಂಟರಿನ ಗುಮಾಸ್ತರು ಇಪ್ಪತ್ತೆರಡು ವರ್ಷಗಳ ಸರ್ವಿಸಿನಲ್ಲಿ ಎರಡು ವಿಷಯಕ್ಕೆ ಹೆಸರು ಮಾಡಿದ್ದರು. ಒಂದು, ಅವರು ಯಾರ ಕೈಯಿಂದಲೂ ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ಎರಡು, ಅವರ ಮೇಜಿಗೆ ಕಪ್ಪು ಕೂದಲಿನಲ್ಲಿ ಬಂದ ಅರ್ಜಿದಾರ ಬಿಳಿ ಕೂದಲಿನಲ್ಲಿ ವಾಪಸು ಹೋಗುತ್ತಿದ್ದ. ಮೊದಲನೆಯದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಎರಡನೆಯದನ್ನು ಹೇಳುವುದಕ್ಕೆ ಬೇರೆಯವರಿದ್ದರು.

ಅವರ ಕೆಲಸ ತಿದ್ದುಪಡಿ. ಜನನ ಪತ್ರದಲ್ಲಿ ಹಿಂದಿನ ಗುಮಾಸ್ತರು ನಿದ್ದೆಗಣ್ಣಿನಲ್ಲಿ ಬರೆದಿಟ್ಟ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಸರಿಪಡಿಸಿ ಸಹಿ ಹಾಕುವುದು. ಊರಿನ ಜನರೆಲ್ಲ ಸರಿಯಾಗಿ ಹುಟ್ಟಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವ ಹೊಣೆ ತಮ್ಮ ಹೆಗಲ ಮೇಲಿದೆ ಎಂದು ಅವರು ನಂಬಿದ್ದರು. ಹಾಗಾಗಿ ಸಹಿ ಸುಲಭವಾಗಿ ಬೀಳುತ್ತಿರಲಿಲ್ಲ.

ಇಂಥವರು ಐವತ್ತನೆಯ ವಯಸ್ಸಿನಲ್ಲಿ, ಜೀವಮಾನದಲ್ಲೇ ಮೊದಲ ಸಲ, ಹೆಂಡತಿಯ ಜೊತೆ ಒಂಬತ್ತು ದಿನದ ಬಸ್ ಪ್ರವಾಸಕ್ಕೆ ಹೋಗಿ ಬಂದರು. ಅಲ್ಲಿಂದಲೇ ಎಲ್ಲ ಕೆಟ್ಟದ್ದು.

ಹೋದವರು ಒಂದು ಸಾವಿರದ ನೂರ ನಲವತ್ತಾರು ಫೋಟೋ ತೆಗೆದರು. ಅದರಲ್ಲಿ ಸುಮಾರು ಮುನ್ನೂರರಲ್ಲಿ ಅವರ ಹೆಬ್ಬೆರಳೂ ಪ್ರವಾಸ ಮಾಡಿತ್ತು. ಪ್ರತಿ ಸಂಜೆ ಅರವತ್ತು ಫೋಟೋಗಳನ್ನು ಆರಿಸಿ, ಒಂದೊಂದಕ್ಕೂ ಟಿಪ್ಪಣಿ ಬರೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದರು. ಮೊದಲ ದಿನ ಷಡ್ಡಕರು ಅರವತ್ತಕ್ಕೂ ಸೇರಿಸಿ ಒಂದೇ ಒಂದು ಹೆಬ್ಬೆಟ್ಟು ಒತ್ತಿದರು. ಅಕ್ಕ ಬರೆದಳು: "ಚೆನ್ನಾಗಿದೆ. ಆ ಕಿಟಕೀಲಿ ಒಣಗಿಸಿರೋ ಹಸಿರು ಟವೆಲ್ ನಂದಲ್ವೇನೋ?"

ಮೂರನೆಯ ದಿನಕ್ಕೆ ಗುಂಪು ತಣ್ಣಗಾಯಿತು. ಐದನೆಯ ದಿನ ಅಕ್ಕನ ಮಗಳು ಒಂದು ಸಂದೇಶ ಹಾಕಿದಳು: "ಎಲ್ರೂ ಮಾವ ಇಲ್ಲದ ಗ್ರೂಪಿಗೆ ಬನ್ನಿ, ಇಲ್ಲಿ ಏನೂ ಮಾತಾಡೋಕೆ ಆಗ್ತಿಲ್ಲ." ಹಾಕಿದ ಅರೆ ನಿಮಿಷಕ್ಕೆ ಅಳಿಸಿಯೂ ಬಿಟ್ಟಳು. ಗುಮಾಸ್ತರು ಅಷ್ಟರಲ್ಲಿ ಓದಿಬಿಟ್ಟಿದ್ದರು.

"ಪಾಪ ಕಣೇ," ಎಂದರು ಹೆಂಡತಿಗೆ. "ಯಾವನೋ ಮಾವನ್ನ ಹೊರಗಿಟ್ಟಿದ್ದಾರೆ. ಅವನಿಗೆ ಗೊತ್ತಾದ್ರೆ ಎಷ್ಟು ಬೇಜಾರಾಗಬಹುದು!"

ಹೆಂಡತಿ ಬಸ್ಸಿನ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕೆಗೆ ನಗು ಬಂದಿತ್ತೋ ಕೆಮ್ಮು ಬಂದಿತ್ತೋ, ಅವರು ಸರೋವರದ ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದುದರಿಂದ ವಿಚಾರಿಸಲಿಲ್ಲ.

ಮನೆಗೆ ಬಂದ ಮೇಲೆ ನೆರೆಹೊರೆಯವರನ್ನು ಕರೆದು ಟೀವಿಯಲ್ಲಿ ಫೋಟೋ ತೋರಿಸಿದರು. ನಲವತ್ತನೆಯ ಫೋಟೋ ಹೊತ್ತಿಗೆ ಮಹಡಿ ಮನೆಯ ಬ್ಯಾಂಕಿನವರಿಗೆ ಫೋನು ಬಂತು, ಎದ್ದು ಹೋದರು. ಯಾರ ಫೋನು ಎಂದು ನೋಡಲು ಅವರ ಹೆಂಡತಿ ಹೋದಳು. ಹೋದ ಹೆಂಡತಿ ಏನಾದಳು ಎಂದು ನೋಡಲು ಅತ್ತೆ ಹೋದರು. ಕೊನೆಯ ತನಕ ಅಲುಗಾಡದೆ ಕೂತದ್ದು ಎದುರು ಮನೆಯ ಅಜ್ಜಿ ಒಬ್ಬರೇ. ಗುಮಾಸ್ತರಿಗೆ ಹೃದಯ ತುಂಬಿ ಬಂತು. ಆ ಅಜ್ಜಿ ತಮ್ಮ ಮನೆಯ ಬೀಗ ಕೆಟ್ಟುಹೋಗಿ, ಬೀಗ ರಿಪೇರಿಯವನಿಗೆ ಕಾಯುತ್ತ ಕೂತಿದ್ದರು ಎಂಬುದು ಅವರಿಗೆ ಮರುದಿನ ತಿಳಿಯಿತು.

"ರೀ, ಕೇಳದವರಿಗೆ ಹೇಳಬಾರದು," ಎಂದಳು ಹೆಂಡತಿ.

"ಹೇಳದೆ ಹೋದ್ರೆ ಅವರು ಕೇಳೋದು ಹೇಗೆ?" ಎಂದರು ಗುಮಾಸ್ತರು. ಆಕೆ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದಳು. ಆಕೆ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಬಟ್ಟೆ ಕತ್ತರಿಸಲು ಮೇಜು ಬೇಕಾದ್ದರಿಂದ, ಅಲ್ಲಿ ಹರಡಿದ್ದ ಪ್ರವಾಸದ ಫೋಟೋಗಳ ಮೂರು ದಪ್ಪ ಆಲ್ಬಮ್ಮುಗಳನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. ಅವರು ಅವನ್ನು ಆಫೀಸಿಗೆ ತೆಗೆದುಕೊಂಡು ಹೋದರು.

ಮೂರನೇ ಕೌಂಟರಿಗೆ ಆಗ ಎಂಟನೆಯ ಸಲ ಬಂದಿದ್ದವರು ಒಬ್ಬರು ನಿವೃತ್ತ ಟೀಚರಮ್ಮ. ಅವರ ಜನನ ಪತ್ರದಲ್ಲಿ ಬರೆದಿದ್ದ ವರ್ಷವೂ ಅವರ ಮಗಳು ಹುಟ್ಟಿದ ವರ್ಷವೂ ಒಂದೇ ಆಗಿತ್ತು. ದಾಖಲೆಯ ಪ್ರಕಾರ ತಾಯಿ ಮಗಳು ಅವಳಿ. ಗುಮಾಸ್ತರು ಮೊಹರು ಹುಡುಕುತ್ತಿದ್ದಾಗ ಟೀಚರಮ್ಮನ ಕಣ್ಣು ತೆರೆದಿದ್ದ ಆಲ್ಬಮ್ಮಿನ ಮೇಲೆ ಬಿತ್ತು. ಸುಮ್ಮನೆ ಕೂತು ಬೇಜಾರಾಗಿ ಕೇಳಿದರು: "ಇದ್ಯಾವ ಲೈಟ್‌ಹೌಸು?"

ಗುಮಾಸ್ತರ ಕೈಯಿಂದ ಮೊಹರು ಜಾರಿತು. ಇಷ್ಟು ದಿನದಲ್ಲಿ ಯಾರೂ ತಾವಾಗಿ ಕೇಳಿರಲಿಲ್ಲ.

"ಒಳ್ಳೆ ಪ್ರಶ್ನೆ ಕೇಳಿದ್ರಿ ಟೀಚರೇ! ಇದಕ್ಕೆ ಇನ್ನೂರ ಹದಿನಾಲ್ಕು ಮೆಟ್ಟಿಲು. ಒಳಗೆ ಕತ್ತಲು. ನೂರ ಎಂಬತ್ತನೇ ಮೆಟ್ಟಿಲಿಗೆ ಹೋಗುವಾಗ ಒಬ್ಬ ತರುಣ ತಲೆಸುತ್ತಿ ಕೂತುಬಿಟ್ಟ ನೋಡಿ. ಆಗ ನಾನು ಏನು ಮಾಡಿದೆ..."

ಏನು ಮಾಡಿದರು ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತರುಣನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿ, ಮತ್ತೆ ಹತ್ತಿ, ಶಿಖರ ಮುಟ್ಟುವಷ್ಟರಲ್ಲಿ ಅವರಿಗೆ ಎಷ್ಟು ಉತ್ಸಾಹ ಬಂದಿತ್ತೆಂದರೆ, ಮಾತಿನ ಭರದಲ್ಲಿ ಟೀಚರಮ್ಮನ ಅರ್ಜಿಗೆ ನಾಲ್ಕು ಕಡೆ ಸಹಿ ಹಾಕಿ, ಮೊಹರು ಒತ್ತಿ, ಕೈಗೆ ಕೊಟ್ಟೇಬಿಟ್ಟರು. ತಾಯಿ ಮಗಳಿಗಿಂತ ಮೊದಲು ಹುಟ್ಟಿದ್ದು ಅಧಿಕೃತವಾಯಿತು.

ಸಾಲಿನಲ್ಲಿ ಹಿಂದೆ ನಿಂತಿದ್ದವನು ಇದನ್ನು ನೋಡಿದ. ಅವನ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು; ಆ ಅಕ್ಷರಕ್ಕಾಗಿ ಐದು ತಿಂಗಳು ಅಲೆದಿದ್ದ. ಕೌಂಟರಿಗೆ ಬಂದವನೇ ಅರ್ಜಿಯನ್ನು ಬದಿಗಿಟ್ಟು, "ಸಾರ್, ಮೊದಲು ಈ ಸರೋವರದ ಬಗ್ಗೆ ಹೇಳಿ," ಎಂದ. ಇಪ್ಪತ್ತು ನಿಮಿಷದಲ್ಲಿ ತಂದೆ ಸರಿಹೋದರು.

ಆಫೀಸಿನ ಎದುರು ಮೆಟ್ಟಿಲ ಕೆಳಗೆ ಒಂದು ಜೆರಾಕ್ಸ್ ಅಂಗಡಿ. ಜೆರಾಕ್ಸಿನವನು ಅರ್ಜಿ ತುಂಬಿಸಿಕೊಡುತ್ತಿದ್ದ. ಒಳಗೆ ಯಾರು ಸೀನಿದರೂ ಅವನಿಗೆ ಹೊರಗೆ ಗೊತ್ತಾಗುತ್ತಿತ್ತು. ಎರಡೇ ದಿನದಲ್ಲಿ ಅವನು ಬಂದವರಿಗೆಲ್ಲ ಹೊಸ ಪಾಠ ಹೇಳಿಕೊಡತೊಡಗಿದ.

"ಅರ್ಜಿ ಒಂದು, ಫೋಟೋ ಎರಡು, ವಿಳಾಸದ ಪುರಾವೆ ಒಂದು, ಪ್ರವಾಸದ ಪ್ರಶ್ನೆ ಒಂದು. ಕೊನೇದು ಇಲ್ದಿದ್ರೆ ಮೊದಲ ಮೂರೂ ದಂಡ. ನಿಮಗೆ ಎಷ್ಟು ಹೊತ್ತಿದೆ?"

"ಹನ್ನೊಂದು ಗಂಟೆ ಬಸ್ಸು ಹಿಡೀಬೇಕು."

"ಹಾಗಾದ್ರೆ ಲೈಟ್‌ಹೌಸ್ ಮುಟ್ಟಲೇಬೇಡಿ, ಮುಕ್ಕಾಲು ಗಂಟೆ. ದೋಣಿ ಕೆಟ್ಟ ಕಥೆಗೆ ಅರ್ಧ ಗಂಟೆ. ಹೋಟೆಲಿನ ಬಿಸಿನೀರಿನ ಬಗ್ಗೆ ಕೇಳಿ, ಏಳು ನಿಮಿಷಕ್ಕೆ ಮುಗಿಯತ್ತೆ. ನಡುವೆ ಒಂದು ಸಲ 'ಅಯ್ಯಯ್ಯೋ, ಆಮೇಲೆ?' ಅನ್ನಿ. ಎರಡು ಸಲ ಅಂದ್ರೆ ಎರಡನೇ ಆಲ್ಬಂ ತೆಗೀತಾರೆ, ಹುಷಾರು."

ಕೆಲವು ದಿನಕ್ಕೆ ಅವನು ಹದಿನೆಂಟು ಪ್ರಶ್ನೆಗಳನ್ನೂ ಅವುಗಳ ಉತ್ತರದ ಸಾರಾಂಶವನ್ನೂ ಒಂದು ಹಾಳೆಯಲ್ಲಿ ಟೈಪು ಮಾಡಿ ಅರ್ಜಿಯ ಜೊತೆಗೇ ಪಿನ್ನು ಹೊಡೆದು ಕೊಡತೊಡಗಿದ.

ಇತ್ತ ಗುಮಾಸ್ತರು ಮೋಡದ ಮೇಲೆ ನಡೆಯುತ್ತಿದ್ದರು. ಸಾಲು ಬಾಗಿಲು ದಾಟಿ ಕಾಂಪೌಂಡಿಗೆ ಹೋಗಿತ್ತು. ಪಕ್ಕದ ಮರಣ ಕೌಂಟರಿನಲ್ಲಿ ಒಬ್ಬರೂ ಇರಲಿಲ್ಲ. ಫೈಲುಗಳು ಗಾಳಿಪಟದ ಹಾಗೆ ಹಾರಿದವು. "ಜನಕ್ಕೆ ಜ್ಞಾನದ ಹಸಿವಿದೆ ಕಣೇ. ನಮ್ಮ ಬಂಧುಬಳಗಕ್ಕೆ ಮಾತ್ರ ಅದಿಲ್ಲ," ಎಂದು ಮನೆಯಲ್ಲಿ ಹೇಳಿದರು.

ಹೀಗಿರುವಾಗ ಕೌಂಟರಿಗೆ ಒಬ್ಬ ಲಾರಿ ಡ್ರೈವರ್ ಬಂದ. ಆರಡಿ ಎತ್ತರ, ಹೆಗಲಿಂದ ಹೆಗಲಿಗೆ ಬಾಗಿಲಿನಷ್ಟು ಅಗಲ, ಮೀಸೆ ಕಿವಿಯ ಹತ್ತಿರದವರೆಗೆ. ಅವನ ಜನನ ಪತ್ರದಲ್ಲಿ ಲಿಂಗ ಎನ್ನುವ ಕಡೆ 'ಹೆಣ್ಣು' ಎಂದಿತ್ತು. ನಲವತ್ತು ವರ್ಷ ಯಾರೂ ನೋಡಿರಲಿಲ್ಲ. ಈಗ ಲೈಸೆನ್ಸ್ ನವೀಕರಣದಲ್ಲಿ ಸಿಕ್ಕಿಬಿದ್ದಿತ್ತು. ಜೆರಾಕ್ಸಿನವನು ಕೊಟ್ಟ ಪ್ರಶ್ನೆಯ ಹಾಳೆಯನ್ನು ಅವನು ಅಲ್ಲೇ ಹರಿದು ಜೇಬಿಗೆ ತುರುಕಿಕೊಂಡು ಬಂದಿದ್ದ.

"ನಾನು ದಿನಾ ನಾನೂರು ಕಿಲೋಮೀಟರ್ ಪ್ರವಾಸ ಮಾಡ್ತೀನಿ. ಇನ್ನೊಬ್ಬರ ಪ್ರವಾಸ ಕೇಳೋ ಕರ್ಮ ನಂಗ್ಯಾಕೆ?" ಎಂದು ಗೊಣಗುತ್ತ ಅರ್ಜಿ ತಳ್ಳಿದ.

ಗುಮಾಸ್ತರು ಅರ್ಜಿ ತಿರುವಿದರು. ವೈದ್ಯರ ಪ್ರಮಾಣಪತ್ರ ಇರಲಿಲ್ಲ. "ನೀವು ಗಂಡಸು ಅನ್ನೋದಕ್ಕೆ ಪುರಾವೆ ಬೇಕು."

"ಪುರಾವೆ!" ಡ್ರೈವರ್ ಮೀಸೆ ಮುಟ್ಟಿಕೊಂಡ. "ಇದೇನು ಹಾಗಾದ್ರೆ?"

"ಮೀಸೆಗೆ ಸಹಿ ಇಲ್ಲ, ಮೊಹರಿಲ್ಲ. ಮುಂದಿನವರು ಬನ್ನಿ."

ನಿಯಮ ಅಂದರೆ ನಿಯಮ. ಗುಮಾಸ್ತರು ಅದರಲ್ಲಿ ತಪ್ಪೇನೂ ಮಾಡಿರಲಿಲ್ಲ. ಆದರೆ ಮುಂದಿನವನು ಸರೋವರದ ಬಗ್ಗೆ ಕೇಳಿ ಹದಿನೈದು ನಿಮಿಷದಲ್ಲಿ ಹೊಸ ಹುಟ್ಟಿದ ದಿನಾಂಕ ಹಿಡಿದುಕೊಂಡು ಹೊರಟದ್ದನ್ನು ಡ್ರೈವರ್ ಬಾಗಿಲಲ್ಲಿ ನಿಂತು ನೋಡಿದ. ಆ ದಿನವೇ ಮೇಲಿನ ಕಚೇರಿಗೆ ಒಂದು ಸಾಲಿನ ದೂರು ಬರೆದ: "ಪ್ರವಾಸದ ವಿಷಯ ಎತ್ತದೆ ಮೂರನೇ ಕೌಂಟರಿನಲ್ಲಿ ಯಾರ ಫೈಲನ್ನೂ ಎತ್ತುವುದಿಲ್ಲ."

ಮೇಲಿನ ಕಚೇರಿಯವರು ಇದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಪ್ಪತ್ತೆರಡು ವರ್ಷ ಚಹಾ ಮುಟ್ಟದವನು! ಈಗ ಗೊತ್ತಾಯಿತು ಗುಟ್ಟು. ಲಂಚವನ್ನು ಕಾಸಿನಲ್ಲಿ ತಿನ್ನುತ್ತಿಲ್ಲ, ಪ್ರವಾಸದಲ್ಲಿ ತಿನ್ನುತ್ತಿದ್ದಾನೆ. ವಾರದೊಳಗೆ ಗುಮಾಸ್ತರಿಗೆ ಕಾಗದ ಬಂತು. "ತಾವು ಕೈಗೊಂಡ ಪ್ರವಾಸದ ಸಂಪೂರ್ಣ ವಿವರಗಳನ್ನು, ದಿನಾಂಕವಾರು, ಎಲ್ಲ ಛಾಯಾಚಿತ್ರಗಳ ಸಹಿತ, ವಿಚಾರಣಾಧಿಕಾರಿಗಳ ಮುಂದೆ ಹಾಜರುಪಡಿಸತಕ್ಕದ್ದು."

ಗುಮಾಸ್ತರು ಅದನ್ನು ಮೂರು ಸಲ ಓದಿದರು. ಎಲ್ಲ ಛಾಯಾಚಿತ್ರಗಳು! ಕಣ್ಣು ಒದ್ದೆಯಾಯಿತು.

"ನೋಡೇ, ಸರ್ಕಾರವೇ ಕೇಳ್ತಿದೆ!"

ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಓದಿದಳು. "ಇಲ್ಲಿ ವಿಚಾರಣೆ ಅಂತಿದೆಯಲ್ರೀ."

"ವಿಚಾರಣೆ ಅಂದ್ರೇನು? ವಿಚಾರಿಸೋದು. ಹೋಗಿ ಬಂದವರನ್ನ ವಿಚಾರಿಸಬೇಡ್ವಾ? ನಿನ್ನ ಅಣ್ಣ ತಮ್ಮಂದಿರಿಗೆ ಇರದ ಸೌಜನ್ಯ ಅವರಿಗಿದೆ."

ಕುಟುಂಬದ ಗುಂಪಿಗೂ ಸುದ್ದಿ ಹಾಕಿದರು: "ನನ್ನ ಪ್ರವಾಸದ ಬಗ್ಗೆ ಮೇಲಧಿಕಾರಿಗಳು ವಿಚಾರಣೆ ಇಟ್ಟುಕೊಂಡಿದ್ದಾರೆ. ಎಲ್ಲರ ಹಾರೈಕೆ ಇರಲಿ."

ಸತ್ತಂತೆ ಬಿದ್ದಿದ್ದ ಗುಂಪು ದಿಗ್ಗನೆ ಎದ್ದು ಕೂತಿತು. ಮೊದಲು ಷಡ್ಡಕರು ಫೋನು ಮಾಡಿದರು. "ನೋಡಿ, ಆ ಪ್ರವಾಸಕ್ಕೂ ನಮಗೂ ಸಂಬಂಧ ಇಲ್ಲ ಅಂತ ಒಂದು ಸಾಲು ಬರೆದುಬಿಡಿ. ಅವತ್ತು ಹೆಬ್ಬೆಟ್ಟು ಒತ್ತಿದ್ದು ಕೈತಪ್ಪಿ." ಆಮೇಲೆ ಅಕ್ಕ ಅಳುತ್ತ ಮಾಡಿದಳು.

"ಎಷ್ಟು ತಿಂದಿದ್ಯೋ? ನಿಜ ಹೇಳು, ನಾನು ಬೇರೆ ಯಾರಿಗೂ ಹೇಳಲ್ಲ."

"ಯಾರು, ನಾನಾ? ಹೋಟೆಲಿನ ಊಟ ಮೂರು ಹೊತ್ತೂ ತಿಂದಿದ್ದೀನಕ್ಕ. ಒಂದು ದಿನ ಹೊಟ್ಟೆ ಕೆಟ್ಟಿತ್ತು ಅಷ್ಟೆ."

ಅಕ್ಕ ದನಿ ತಗ್ಗಿಸಿ ಹೇಳಿದಳು: "ಆ ಹಸಿರು ಟವೆಲ್ ನಂದು ಅಂದಿದ್ದೆ ನೋಡು. ಅದು ನಂದಲ್ಲ ಕಣೋ."

ವಿಚಾರಣೆ ನಡೆದದ್ದು ಆಫೀಸಿನ ಮೀಟಿಂಗ್ ಹಾಲಿನಲ್ಲಿ. ವಿಚಾರಣಾಧಿಕಾರಿ ಒಬ್ಬ ತೆಳ್ಳನೆಯ ಹೆಂಗಸು. ಕನ್ನಡಕ, ನೋಟುಬುಕ್ಕು, ಚೂಪಾದ ಪೆನ್ಸಿಲು. ಹದಿನೈದು ವರ್ಷದಿಂದ ಅವರ ಮುಂದೆ ಬಂದು ಕೂತವರೆಲ್ಲ ಬಾಯಿಗೆ ಬೀಗ ಹಾಕಿಕೊಂಡೇ ಕೂತವರು. ಒಂದೊಂದು ಮಾತನ್ನೂ ಇಕ್ಕಳದಲ್ಲಿ ಮೊಳೆ ಕಿತ್ತ ಹಾಗೆ ಕೀಳಬೇಕು. ಈ ಮನುಷ್ಯ ಹಾಗಲ್ಲ. ಬಂದವನೇ ಮೂರು ಆಲ್ಬಂ ಬಿಚ್ಚಿ, "ಮೊದಲಿಂದ ಹೇಳ್ಲೋ ಮೇಡಂ, ಲೈಟ್‌ಹೌಸಿಂದ ಶುರು ಮಾಡ್ಲೋ?" ಎಂದ. ಇಷ್ಟು ಮಾತಾಡುವವನು ಬಹಳ ದೊಡ್ಡದನ್ನೇ ಮುಚ್ಚಿಡುತ್ತಿರಬೇಕು ಎಂದು ಅವರು ಪೆನ್ಸಿಲ್ ಎತ್ತಿದರು.

"ಮೊದಲಿಂದ."

ಎರಡೂವರೆ ಗಂಟೆ ನಡೆಯಿತು. ಮೇಡಂ ಒಂದು ಫೋಟೋದ ಮೇಲೆ ಪೆನ್ಸಿಲ್ ಇಟ್ಟರು. "ಈ ಹೋಟೆಲಿನ ಕೋಣೆ. ಇದರ ಖರ್ಚು ಯಾರದು?"

ಇಲ್ಲಿ ಗುಮಾಸ್ತರು ಒಂದು ಕ್ಷಣ ತಡವರಿಸಿದರು. ಪ್ರವಾಸದ ಖರ್ಚೆಲ್ಲ ಹೆಂಡತಿಯದು. ಈ ವಿವರ ಮೂರು ಆಲ್ಬಮ್ಮಿನಲ್ಲಿ ಎಲ್ಲೂ ಇರಲಿಲ್ಲ.

"ಅದೆಲ್ಲ ಮೊದಲೇ ವ್ಯವಸ್ಥೆ ಆಗಿತ್ತು ಮೇಡಂ."

"ಯಾರು ಮಾಡಿದ್ದು?"

"ನಮಗೆ ಬೇಕಾದವರೇ."

ಮೇಡಂ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. "ದೋಣಿಯಲ್ಲಿ ನಿಮ್ಮ ಹೆಗಲ ಮೇಲೆ ಕೈ ಹಾಕಿರುವವರು?"

"ಅವರೊಬ್ಬ ರಸ್ತೆ ಕಂಟ್ರಾಕ್ಟರು. ಒಂಬತ್ತು ದಿನವೂ ಜೊತೆಗಿದ್ರು. ಬಹಳ ದೊಡ್ಡ ಮನಸ್ಸು. ದಾರಿಯುದ್ದಕ್ಕೂ ಏನಾದ್ರೂ ಕೊಡಿಸ್ತಾನೇ ಇದ್ರು."

ಪೆನ್ಸಿಲಿನ ಮೊನೆ ಮುರಿಯಿತು. ಮೇಡಂ ಇನ್ನೊಂದು ಪೆನ್ಸಿಲ್ ತೆಗೆದರು. "ಲೈಟ್‌ಹೌಸ್ ಮೇಲಿನಿಂದ ತೆಗೆದ ಹನ್ನೆರಡು ಫೋಟೋ ಇವೆ. ಒಂದರಲ್ಲೂ ನೀವಿಲ್ಲ."

"ತೆಗೆದವನು ನಾನೇ ಅಲ್ವಾ ಮೇಡಂ," ಎಂದು ಗುಮಾಸ್ತರು ಆಲ್ಬಂ ಮಗುಚಿದರು.

ಊಟದ ಹೊತ್ತಾಯಿತು. ಮೇಡಂ ಪುಸ್ತಕ ಮುಚ್ಚಿ ಕೇಳಿದರು: "ಇದು ಲಂಚದ ವಿಚಾರಣೆ ಅಂತ ನಿಮಗೆ ಗೊತ್ತಿದೆ ತಾನೆ?"

ಗುಮಾಸ್ತರು ನಕ್ಕರು. ಮೇಡಂ ನಗಲಿಲ್ಲ. ದೂರಿನ ಪ್ರತಿಯನ್ನು ಮುಂದೆ ತಳ್ಳಿದರು. ಅದರ ಹಿಂದೆ ಜೆರಾಕ್ಸಿನವನ ಹದಿನೆಂಟು ಪ್ರಶ್ನೆಯ ಹಾಳೆಯೂ ಇತ್ತು, ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಿ. ಗುಮಾಸ್ತರು ಓದಿದರು. 'ಬಿಸಿನೀರು: 7 ನಿಮಿಷ. ಅವಸರದವರಿಗೆ ಉತ್ತಮ.' ಇನ್ನೊಂದು ಸಲ ಓದಿದರು. ಜವಾನನನ್ನು ಕರೆದು ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟು ಕೇಳಿದರು:

"ಹಾಗಾದ್ರೆ ಜನ... ಫೈಲಿಗೋಸ್ಕರ ಕೇಳ್ತಿದ್ರಾ?"

"ಮತ್ತೆ?"

"ನಿಮ್ಮ ಕೆಲಸ ಹೋಗಬಹುದು" ಎಂದು ಮೇಡಂ ಹೇಳಿದ್ದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಬಾಗಿಲ ತನಕ ಹೋಗಿ ವಾಪಸು ಬಂದು, "ಟೀಚರಮ್ಮನೂನಾ?" ಎಂದು ಕೇಳಿದರು.

ಮಧ್ಯಾಹ್ನ ಸಾಕ್ಷಿಗಳು ಬಂದರು. ಜೆರಾಕ್ಸಿನವನು ಹನ್ನೊಂದು ಜನರನ್ನು ಸಾಲಾಗಿ ಕರೆತಂದಿದ್ದ. ಟೀಚರಮ್ಮ ಎಲ್ಲರಿಗಿಂತ ಮುಂದೆ. ಅವರಿಗೆಲ್ಲ ಒಂದೇ ಭಯ. ಗುಮಾಸ್ತರು ಉರುಳಿದರೆ ಅವರು ಹಾಕಿದ ಸಹಿಯೂ ಉರುಳುತ್ತದೆ. ಸರಿಹೋದ ಹುಟ್ಟುಗಳೆಲ್ಲ ಮತ್ತೆ ಹಳೆಯ ಸ್ಥಿತಿಗೆ ಬರುತ್ತವೆ. ಟೀಚರಮ್ಮ ಮತ್ತೆ ಮಗಳ ಅವಳಿಯಾಗಲು ಸಿದ್ಧರಿರಲಿಲ್ಲ.

"ನಾವು ಕೇಳಿದ್ದು ಆಸಕ್ತಿಯಿಂದ," ಎಂದರು ಟೀಚರಮ್ಮ. "ಜ್ಞಾನಕ್ಕಾಗಿ," ಎಂದ ಜೆರಾಕ್ಸಿನವನು. ಉಳಿದವರು ತಲೆಯಾಡಿಸಿದರು. ದೂರುದಾರ ಡ್ರೈವರ್ ಗೋಡೆಗೆ ಒರಗಿ, "ಸುಳ್ಳು, ಶುದ್ಧ ಸುಳ್ಳು," ಎಂದ.

"ಆಸಕ್ತಿಯಿಂದ ಕೇಳಿದ್ದರೆ ನೆನಪಿರಬೇಕು," ಎಂದರು ಮೇಡಂ. "ಲೈಟ್‌ಹೌಸಿಗೆ ಎಷ್ಟು ಮೆಟ್ಟಿಲು?"

ಹನ್ನೊಂದು ಬಾಯಿ ಒಟ್ಟಿಗೆ ತೆರೆದವು. "ಇನ್ನೂರ ಹದಿನಾಲ್ಕು!"

"ತರುಣ ಬಿದ್ದದ್ದು?"

"ನೂರ ಎಂಬತ್ತನೇ ಮೆಟ್ಟಿಲಲ್ಲಿ! ಸಾರ್ ಅವನನ್ನ ಎಡ ಹೆಗಲಿಗೆ ಹಾಕ್ಕೊಂಡ್ರು!"

"ದೋಣಿ ಕೆಟ್ಟಾಗ?"

"ಸಾರ್ ಟೋಪಿಯಲ್ಲಿ ನೀರು ಮೊಗೆದ್ರು, ಅಯ್ಯಯ್ಯೋ, ಆಮೇಲೆ?" ಎಂದು ಒಬ್ಬ ಹಾಳೆಯಲ್ಲಿದ್ದದ್ದನ್ನು ಪೂರ್ತಿ ಒಪ್ಪಿಸಿಬಿಟ್ಟ.

ಮಗ್ಗಿ ಒಪ್ಪಿಸಿದ ಹಾಗಿತ್ತು. ಮೇಡಂ ಮುಖ ಇನ್ನಷ್ಟು ಬಿಗಿಯಿತು. ಹೇಳಿಕೊಟ್ಟ ಸಾಕ್ಷಿಯನ್ನು ಅವರು ಬಹಳ ಕಂಡಿದ್ದರು, ಇಷ್ಟು ಚೆನ್ನಾಗಿ ಹೇಳಿಕೊಟ್ಟದ್ದನ್ನು ಕಂಡಿರಲಿಲ್ಲ. "ಕೊನೆಯ ಸಲ ಕೇಳ್ತೀನಿ. ನಿಮ್ಮ ಪ್ರವಾಸದ ಖರ್ಚು ಯಾರು ಕೊಟ್ಟರು?"

ಗುಮಾಸ್ತರು ನೆಲ ನೋಡಿದರು. ಹನ್ನೊಂದು ಜನ ಅವರನ್ನು ನೋಡಿದರು. ಯಾರು ಹೇಳಿಕಳಿಸಿದರೋ, ಜವಾನ ಎರಡು ಬೀದಿ ಆಚೆಯ ಗುಮಾಸ್ತರ ಮನೆಗೆ ಓಡಿದ್ದ. ಆ ಹೊತ್ತಿಗೆ ಸರಿಯಾಗಿ ಬಾಗಿಲು ತಳ್ಳಿಕೊಂಡು ಹೆಂಡತಿ ಒಳಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.

"ರಸೀದಿ ಎಲ್ಲ ಇದರಲ್ಲಿದೆ ಮೇಡಂ. ಬಸ್ಸು, ಕೋಣೆ, ಊಟ, ಎಲ್ಲ ನಾನೇ ಕಟ್ಟಿದ್ದು. ಎರಡು ವರ್ಷ ಯೂನಿಫಾರಂ ಹೊಲಿದಿದ್ದೀನಿ ಇದಕ್ಕೆ. ಯಾವುದೂ ಇವರದ್ದಲ್ಲ, ಇನ್ನೊಬ್ಬರದ್ದೂ ಅಲ್ಲ."

"ಕಂಟ್ರಾಕ್ಟರು?"

"ಪಕ್ಕದ ಸೀಟಿನವರು. ಅವರು ಕೊಡಿಸಿದ್ದು ಕಡಲೆಕಾಯಿ. ಇವರಿಗೆ ಹೊಟ್ಟೆ ಕೆಟ್ಟಿದ್ದೂ ಅದರಿಂದಲೇ."

ಮೇಡಂ ರಸೀದಿಗಳನ್ನು ಒಂದೊಂದಾಗಿ ನೋಡಿದರು. ಎಲ್ಲದರ ಮೇಲೂ ಹೆಂಡತಿಯ ಹೆಸರೇ. ಪೆನ್ಸಿಲ್ ಕೆಳಗಿಟ್ಟು, ಮೊದಲ ಸಲ ಸ್ವಲ್ಪ ಬೇರೆ ದನಿಯಲ್ಲಿ ಕೇಳಿದರು: "ಲೈಟ್‌ಹೌಸ್ ಮೇಲೆ ನಿಜವಾಗಿ ಏನಾಯ್ತು?"

ಹೆಂಡತಿ ಗಂಡನ ಕಡೆ ನೋಡಿದಳು. ಒಂಬತ್ತು ದಿನದ ಪ್ರವಾಸದ ಬಗ್ಗೆ ಯಾರೂ ಆಕೆಯನ್ನು ಇದುವರೆಗೆ ಒಂದು ಮಾತು ಕೇಳಿರಲಿಲ್ಲ.

"ಏನಿಲ್ಲ ಮೇಡಂ. ತಲೆಸುತ್ತಿ ಕೂತಿದ್ದು ಇವರೇ. ಒಬ್ಬ ತರುಣ ಕೈಹಿಡಿದು ಕೆಳಗಿಳಿಸಿದ. ಇವರು ಇಳಿಯುವಾಗ ಅವನಿಗೆ, 'ನೀನು ಹೆದರಬೇಡಪ್ಪ' ಅಂತಾನೇ ಇದ್ರು." ಹಾಲಿನಲ್ಲಿ ಯಾರೋ ಕಿಸಕ್ಕೆಂದರು. "ಮೇಲೆ ಹತ್ತಿದ್ದು ನಾನು. ಆ ಹನ್ನೆರಡು ಫೋಟೋ ನಾನೇ ತೆಗೆದಿದ್ದು. ಅದರಲ್ಲಿ ಇವರಿಲ್ಲ ಅನ್ನಿಸುತ್ತೆ, ಇದಾರೆ ನೋಡಿ. ಇಲ್ಲಿ, ಕೆಳಗೆ, ಈ ಬೆಂಚಿನ ಹತ್ರ. ಈ ಚುಕ್ಕೆ ಇದೆಯಲ್ಲ, ಇದೇ ಇವರು."

ಹನ್ನೊಂದು ಜನ, ಜವಾನ, ದೂರುದಾರ ಡ್ರೈವರ್ ಎಲ್ಲರೂ ಚುಕ್ಕೆ ನೋಡಲು ನುಗ್ಗಿದರು. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಗುತ್ತ ಕುರ್ಚಿಗೆ ಕುಸಿದ. ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಅಯ್ಯಯ್ಯೋ, ಆಮೇಲೆ?" ಎಂದರು. ಈ ಸಲ ಅದು ಯಾವ ಹಾಳೆಯಿಂದಲೂ ಬಂದದ್ದಾಗಿರಲಿಲ್ಲ. ಆಮೇಲೆ ದೋಣಿಯ ಕಥೆ ಬಂತು. ಟೋಪಿಯಲ್ಲಿದ್ದದ್ದು ನೀರಲ್ಲ, ಕಡಲೆಕಾಯಿಯಿಂದ ಬಂದ ವಾಂತಿ ಎಂದು ತಿಳಿದಾಗ ಮೇಡಂ ನೋಟುಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದರು. ನೋಟುಬುಕ್ಕು ಅಲುಗುತ್ತಿತ್ತು.

"ಇಂಥವರನ್ನ ಯಾಕೆ ಕರ್ಕೊಂಡು ಹೋದ್ರಮ್ಮ?" ಎಂದ ಡ್ರೈವರ್.

"ಸೂಟ್‌ಕೇಸ್ ಹಿಡಿಯೋಕೆ ಒಬ್ಬರು ಬೇಕಿತ್ತಲ್ಲ," ಎಂದಳು ಹೆಂಡತಿ. ನಗು ಇಳಿದ ಮೇಲೆ ಮೆಲ್ಲಗೆ ಸೇರಿಸಿದಳು: "ಚೆನ್ನಾಗಿರೋದೇನಾದ್ರೂ ಕಂಡಾಗ, 'ನೋಡ್ರೀ ಅಲ್ಲಿ' ಅನ್ನೋಕೆ ಪಕ್ಕದಲ್ಲಿ ಒಬ್ಬರು ಇರಬೇಕಲ್ವಾ."

ಮೇಡಂ ಗಂಟಲು ಸರಿಪಡಿಸಿಕೊಂಡು ಗುಮಾಸ್ತರ ಕಡೆ ತಿರುಗಿದರು. "ಇವರ ಹೇಳಿಕೆ ನೀವು ಒಪ್ಪಿದರೆ ಪ್ರಕರಣ ಇಲ್ಲಿಗೇ ಮುಗಿಯುತ್ತೆ. ಒಪ್ಪದಿದ್ದರೆ ಮುಂದಕ್ಕೆ ಹೋಗುತ್ತೆ. ನಲವತ್ತೊಂದನೇ ಮೆಟ್ಟಿಲಲ್ಲಿ ಕೂತದ್ದು ನೀವು ಅಂತ ಬರೆದುಕೊಳ್ಳಲೇ? ನಿಮ್ಮ ಮನೆಯವರು ರಸೀದಿಯ ಹಿಂದೆ ಗುರುತು ಹಾಕಿಟ್ಟಿದ್ದಾರೆ."

ಒಂದು ಕಡೆ ನೌಕರಿ, ಇನ್ನೊಂದು ಕಡೆ ಇನ್ನೂರ ಹದಿನಾಲ್ಕು ಮೆಟ್ಟಿಲು. ಗುಮಾಸ್ತರು ಆಲ್ಬಂ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು.

"ನಲವತ್ತೊಂದು ತಪ್ಪು ಮೇಡಂ," ಎಂದರು ಕೊನೆಗೆ. ಹೆಂಡತಿ ಹಣೆ ಚಚ್ಚಿಕೊಂಡಳು. "ಮೂವತ್ತೆಂಟು. ನಾನೇ ಎಣಿಸಿದ್ದೆ. ಅಲ್ಲಿಂದ ಮೂರು ಮೆಟ್ಟಿಲು ಆ ಪುಣ್ಯಾತ್ಮ ಎಳೆದು ನೋಡಿದ್ದ, ಆಗಲಿಲ್ಲ. ತಿದ್ದಿಕೊಳ್ಳಿ."

ಮೇಡಂ ತಿದ್ದಿಕೊಂಡರು. ಗುಮಾಸ್ತರು ಪಕ್ಕದಲ್ಲಿ ಸಹಿ ಹಾಕಿದರು. ಅಷ್ಟು ಬೇಗ ಅವರು ಯಾವ ತಿದ್ದುಪಡಿಗೂ ಸಹಿ ಹಾಕಿರಲಿಲ್ಲ.

ಲಂಚದ ಆರೋಪ ಸಾಬೀತಾಗಲಿಲ್ಲ. ಡ್ರೈವರ್ ಮರುದಿನ ವೈದ್ಯರ ಪತ್ರ ತಂದು ಗಂಡಸಾದ. ಹೋಗುವಾಗ, "ದೂರು ಕೊಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಸಾರ್. ನಂಗೂ ಎತ್ತರ ಅಂದ್ರೆ ಆಗಲ್ಲ," ಎಂದು ಕೈಕುಲುಕಿದ. ಮೇಲಿನಿಂದ ಬಂದ ಆದೇಶದ ಪ್ರಕಾರ ಕೌಂಟರಿನ ಮೇಲೆ ಒಂದು ಬೋರ್ಡು ತೂಗುಹಾಕಲಾಯಿತು: 'ಇಲ್ಲಿ ಪ್ರವಾಸದ ಬಗ್ಗೆ ವಿಚಾರಿಸಬಾರದು.' ಜೆರಾಕ್ಸಿನವನು ಅದನ್ನು ಕತ್ತೆತ್ತಿ ನೋಡಿ ಬಂದು ತನ್ನ ಗಿರಾಕಿಗಳಿಗೆ ಅರ್ಥ ಹೇಳಿದ: "ಬೋರ್ಡು ಹಾಕಿದ್ದಾರೆ ಅಂದ್ರೆ ರೇಟು ಏರಿದೆ ಅಂತ. ಇನ್ನು ಮೇಲೆ ಮೆಲ್ಲಗೆ ಕೇಳಬೇಕು."

ಜನ ಮೆಲ್ಲಗೆ ಕೇಳಿದರು. ಆದರೆ ಗುಮಾಸ್ತರು ಆಲ್ಬಮ್ಮುಗಳನ್ನು ಮನೆಗೆ ಒಯ್ದು ಅಟ್ಟಕ್ಕೆ ಹಾಕಿದ್ದರು. ಯಾರು ಏನು ಕೇಳಿದರೂ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಕುಟುಂಬದ ಗುಂಪಿನಲ್ಲೂ ಅಷ್ಟೇ. ಅಕ್ಕನಿಗೆ ಗಾಬರಿಯಾಗಿ, "ಹುಷಾರಾಗಿದ್ದೀಯೇನೋ? ಒಂದಾದ್ರೂ ಫೋಟೋ ಹಾಕೋ," ಎಂದು ಫೋನು ಮಾಡಿದಳು. ಟವೆಲ್ ಮತ್ತೆ ತನ್ನದೇ ಎಂದೂ ತಿಳಿಸಿದಳು.

ಅಷ್ಟರಲ್ಲಿ ಹೊಸ ಸಂಗತಿಯೊಂದು ನಡೆಯಿತು. ಮೇಡಂ ಬಸ್ ಕಂಪನಿಯ ವಿಳಾಸ ಕೇಳಿಕೊಂಡು ಗುಮಾಸ್ತರ ಮನೆಗೇ ಬಂದರು. ಟೀಚರಮ್ಮನೂ ಬಂದರು. ಹೆಂಡತಿಯೂ ಸೇರಿ ಮೂವರೂ ಕೂತು ಏನು ಮಾತಾಡಿಕೊಂಡರೋ, ಮುಂದಿನ ತಿಂಗಳು ಆರು ದಿನದ ಬೆಟ್ಟದ ಪ್ರವಾಸಕ್ಕೆ ಮೂರು ಸೀಟು ಗೊತ್ತಾಯಿತು. ಗುಮಾಸ್ತರ ರಜೆಯೆಲ್ಲ ಮೊದಲ ಪ್ರವಾಸದಲ್ಲೇ ಮುಗಿದಿತ್ತು. "ಸೂಟ್‌ಕೇಸು?" ಎಂದು ಅವರು ಕೇಳಿದರು. "ಗಾಲಿ ಇರೋದು ತಗೊಂಡಿದ್ದೀನಿ," ಎಂದಳು ಹೆಂಡತಿ.

ಹೋದವಳಿಂದ ಮೊದಲ ದಿನ ಸುದ್ದಿಯಿಲ್ಲ. ಎರಡನೆಯ ದಿನ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಕೌಂಟರಿನಲ್ಲಿ ಕೂತಿದ್ದಾಗ ಒಂದು ಫೋಟೋ ಬಂತು. ಒಂದೇ ಒಂದು. ಕೆಳಗೆ ಎರಡು ಮಾತು: "ತಲುಪಿದೆವು. ಚೆನ್ನಾಗಿದೆ." ಫೋಟೋದ ತುಂಬ ಬೆಳ್ಳಗೆ, ಒಂದು ಮೂಲೆಯಲ್ಲಿ ಚೂರು ನೀಲಿ. ಗುಮಾಸ್ತರು ಫೋನನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು. "ಇದೇನು?" ಎಂದು ಬರೆದರು. ಉತ್ತರವಿಲ್ಲ. "ಇನ್ನೂ ಕಳಿಸು," ಎಂದು ಬರೆದರು. ಅದಕ್ಕೂ ಇಲ್ಲ.

ಕೌಂಟರಿನ ಎದುರು ಒಬ್ಬ ಹೆಣ್ಣುಮಗಳು ಮಗುವಿನ ಜನನ ಪತ್ರ ಹಿಡಿದು ನಿಂತಿದ್ದಳು. ಜೆರಾಕ್ಸಿನವನು ಕಲಿಸಿದ್ದನ್ನು ನೆನಪಿಸಿಕೊಂಡು, ಬೋರ್ಡಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು: "ಸಾರ್, ಅದು ಯಾವ ಜಾಗದ ಫೋಟೋ ಸಾರ್?"

ಗುಮಾಸ್ತರು ಫೋನನ್ನು ಅವಳ ಕಡೆ ತಿರುಗಿಸಿದರು. ಇಬ್ಬರೂ ಸ್ವಲ್ಪ ಹೊತ್ತು ನೋಡಿದರು.

"ಮೋಡ ಇರಬಹುದಾ ಸಾರ್?"

"ಮಂಜು ಅಂದ್ಕೊಂಡೆ ನಾನು. ನಂಗೂ ಗೊತ್ತಿಲ್ಲಮ್ಮ," ಎಂದರು ಗುಮಾಸ್ತರು. "ಭಾನುವಾರ ಬರ್ತಾಳೆ. ಕೇಳಬೇಕು." ಅವಳ ಮಗುವಿನ ಹೆಸರಿನ ದೀರ್ಘ ಸರಿಪಡಿಸಿ, ಸಹಿ ಹಾಕಿ ಕೊಟ್ಟರು.

ಸೋಮವಾರ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೆ ಸಾಲಿನ ಮೊದಲಲ್ಲಿ ಅದೇ ಹೆಣ್ಣುಮಗಳು ನಿಂತಿದ್ದಳು. ಕೈಯಲ್ಲಿ ಅರ್ಜಿ ಇರಲಿಲ್ಲ. ಸಂತೆಗೆ ಹೋಗುವ ಚೀಲ ಮಾತ್ರ ಇತ್ತು.

"ಪತ್ರದಲ್ಲಿ ಮತ್ತೇನಾದ್ರೂ ತಪ್ಪಿದ್ಯೇನಮ್ಮ?"

"ಇಲ್ಲ ಸಾರ್, ಅದೆಲ್ಲ ಸರಿಯಾಗಿದೆ. ಈ ಕಡೆ ಬಂದಿದ್ದೆ." ಅವಳು ಕೌಂಟರಿಗೆ ಒರಗಿದಳು. "ಅದೇನಂತೆ ಸಾರ್? ಮೋಡಾನಾ, ಮಂಜಾ?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಸಾಲಿನಲ್ಲಿದ್ದವರೂ ಕತ್ತು ಚಾಚಿದರು.

"ಟೀಚರಮ್ಮನ ಸೀರೆ ಅಂತಮ್ಮ," ಎಂದರು. "ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತಿದ್ರಂತೆ. ಇವಳ ಕೈ ತಾಗಿ ಫೋನು ತಾನೇ ಫೋಟೋ ಹೊಡ್ಕೊಂಡುಬಿಟ್ಟಿದೆ, ಇವಳು ನೋಡದೆ ಅದನ್ನೇ ಕಳಿಸಿದ್ದಾಳೆ."